ಎಲ್ಲರೂ ಇಳಿದ ಮೇಲೆ

೭ ಮೇ ೧೯೬೩, ಮಂಗಳವಾರ

ಇವತ್ತೂ ಬಸ್ಸು ತಪ್ಪಿತು. ತಿಕೋಟೆಯಿಂದ ವಿಜಾಪುರದವರೆಗೆ ಲಾರಿಯಲ್ಲಿ, ಜೋಳದ ಚೀಲದ ಮೇಲೆ. ಅಂಗಡಿ ಮುಟ್ಟುವಷ್ಟರಲ್ಲಿ ಶಿವಯೋಗೆಪ್ಪ ಸಾವಕಾರರು ಗಾದಿ ಮೇಲೆ ಕೂತು ಕಾಯುತ್ತಿದ್ದರು. ಇನ್ನೊಂದು ಅರ್ಜಿ ಬರೆಯಬೇಕಂತೆ, ರೈಲ್ವೆಗೆ. ಬೆಂಗಳೂರು ಡಬ್ಬಿ ಹೋರಾಟ ಸಮಿತಿಗೆ ಅವರು ಅಧ್ಯಕ್ಷರು. ನಾನು ಹಗಲು ಅವರ ಅಂಗಡಿಯ ಲೆಕ್ಕ ಬರೆಯುವ ದಿವಾಣಜಿ, ಸಂಜೆ ಸಮಿತಿಯ ಕಾರ್ಯದರ್ಶಿ. ಪಗಾರ ಮಾತ್ರ ಒಂದೇ.

ವಿಜಾಪುರದಿಂದ ಬೆಂಗಳೂರಿಗೆ ನೇರ ಹೋಗುತ್ತಿದ್ದ ರೈಲು ಡಬ್ಬಿ ತೆಗೆದು ವರ್ಷವಾಯಿತು. ಈಗ ಗದಗಿನಲ್ಲಿ ಇಳಿ, ಹುಬ್ಬಳ್ಳಿಯಲ್ಲಿ ಇಳಿ, ಯಾವ ಗಾಡಿ ಎಂದು ಕೇಳು, ಓಡು. ಕಿವಿ ಬಾಯಿ ಇದ್ದವರು ಹೇಗೋ ಮುಟ್ಟುತ್ತಾರೆ. ನನ್ನ ತಂಗಿ ಪರಸವ್ವ ಏನು ಮಾಡಬೇಕು? ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ, ಮಾತಿಲ್ಲ.

ಅರ್ಜಿಯಲ್ಲಿ ಅದನ್ನೇ ಬರೆದೆ. ಬೆಂಗಳೂರಿನ ಕಿವುಡ-ಮೂಗರ ಶಾಲೆಯಿಂದ ಇಂಥ ಹುಡುಗಿ ಒಬ್ಬಳೇ ನೇರ ಡಬ್ಬಿಯಲ್ಲಿ ಕೂತು ಕ್ಷೇಮವಾಗಿ ಊರಿಗೆ ಬಂದಿದ್ದಾಳೆ, ಎಂದು. ಸಾವಕಾರರು ತೊಡೆ ತಟ್ಟಿದರು. "ಭೇಷ್ ಬರದಿ ಕರೆಪ್ಪ! ಇದನ್ನ ಓದಿದ್ರ ಕಲ್ಲೂ ಕರಗತೈತಿ ನೋಡು."

೧೯ ಮೇ, ರವಿವಾರ

ಶಾಲೆಯಿಂದ ಕಾರ್ಡು. ಜೂನ್ ಹತ್ತರೊಳಗೆ ಬಾರದಿದ್ದರೆ ಪರಸಿಯ ಜಾಗ ಬೇರೆಯವರಿಗೆ. ಇದೇ ಕೊನೆಯ ಮಾತು.

ಅಲ್ಲಿ ಹೊಲಿಗೆ ಕಲಿಯುತ್ತಿದ್ದಳು. ತನ್ನ ಹೆಸರು ಬರೆಯಲು ಕಲಿತಿದ್ದಳು. ಒಂದು ವರ್ಷದಿಂದ ಹಿತ್ತಲಲ್ಲಿ ಸೆಗಣಿಯ ಕುಳ್ಳು ತಟ್ಟುತ್ತಿದ್ದಾಳೆ. ಗೋಡೆಯ ತುಂಬ ಇದ್ದಿಲಿನಿಂದ 'ಪರಸವ್ವ', 'ಪರಸವ್ವ'...

ಅವ್ವ ಕೇಳಿದಳು, "ನೀನ ಕರಕೊಂಡ ಹೋಗಿ ಬಿಟ್ಟು ಬರಬಾರದೇನೋ ಯಪ್ಪಾ?" ರಜೆ ಕೊಡಬೇಕಲ್ಲ! ಮೊದಲ ಸಲ ಶಾಲೆಗೆ ಸೇರಿಸಲು ಹೋಗಿ ಬಂದದ್ದಕ್ಕೇ ಸಾವಕಾರರು ತಿಂಗಳುಗಟ್ಟಲೆ ಮುಖ ಗಂಟಿಕ್ಕಿದ್ದರು.

೨೮ ಮೇ

ಗೆದ್ದೆವು! ಅರ್ಧ ಗೆದ್ದೆವು. ರೈಲ್ವೆಯ ಉತ್ತರ ಬಂದಿದೆ. ಜೂನ್ ಮೂರರಿಂದ ಒಂದು ವಾರ ಡಬ್ಬಿ ಬಿಟ್ಟು ನೋಡುತ್ತಾರೆ. ವಿಜಾಪುರ ಸ್ಟೇಷನ್ನಿನಲ್ಲಿ ಆಫೀಸರ್ ನಿಂತು ಜನರನ್ನು ಎಣಿಸುತ್ತಾರೆ. ತುಂಬದಿದ್ದರೆ ಮತ್ತೆ ಈ ಮಾತು ಎತ್ತುವಂತಿಲ್ಲ.

೨ ಜೂನ್, ರವಿವಾರ

ಕಾಲು ಸೋತವು. ತಿಕೋಟೆ, ಹೊನವಾಡ, ಬಬಲೇಶ್ವರ, ಜೈನಾಪುರ... ಎಲ್ಲ ಕಡೆ ಒಂದೇ ಮಾತು: "ಬಿತ್ತಿಗಿ ದಿನದಾಗ ಬೆಂಗಳೂರಿಗೆ ಯಾವಾಂವ ಹೋಗ್ತಾನ್ರಿ?" ಸಹಿ ಹಾಕುವಾಗ ನಾ ಮುಂದು ತಾ ಮುಂದು ಅಂದವರೇ ಇವರೆಲ್ಲ.

ಸಾವಕಾರರು ನಕ್ಕರು. "ಅಷ್ಟ್ಯಾಕ ಚಿಂತಿ ಮಾಡ್ತಿ? ಬಾಗಲಕೋಟಿತನಕ ಟಿಕೀಟ ತಗಿಸು. ಎಣಸಾಂವ ಇಲ್ಲಿ ಎಣಸ್ತಾನ. ಆಮ್ಯಾಲೆ ಇಳದು ಮುಂಜಾನಿ ಗಾಡಿಗೆ ಬರ್ಲಿ." ಏನು ತಲೆ ಸಾವಕಾರರದು! ನಾನೂ ನಕ್ಕೆ. ಸಂಜೆಯೊಳಗೆ ಡಬ್ಬಿ ತುಂಬುವಷ್ಟು ಜನ ಹೆಸರು ಕೊಟ್ಟರು.

ಪರಸಿ ನಾಳೆಯೇ ಹೋಗುತ್ತಾಳೆ, ಟೀಚರ್ ಸ್ಟೇಷನ್ನಿಗೆ ಬರಲೆಂದು ಶಾಲೆಗೆ ಬರೆದಾಗಿದೆ. ಒಬ್ಬಳೇ. ಆಫೀಸರು ಕಣ್ಣಾರೆ ನೋಡಲಿ.

ಅಂಗಳದಲ್ಲಿ ಅವಳಿಗೆ ಮತ್ತೊಮ್ಮೆ ಪಾಠ. ಹೋದ ಸಲದ್ದೇ. ಅಂಗೈಯಿಂದ ಹಲಗೆ ಒತ್ತಿ ತೋರಿಸಿದೆ: ಕೂತೇ ಇರು. ಯಾವ ಊರು ಬಂದರೂ ಏಳಬೇಡ. ಆಮೇಲೆ ಕೈ ಸುತ್ತಲೂ ಬೀಸಿ, ಎರಡು ಬೆರಳು ಕೆಳಗೆ ನಡೆಸಿದೆ: ಎಲ್ಲರೂ ಇಳಿದರೆ ನೀನೂ ಇಳಿ. ಅದೇ ಬೆಂಗಳೂರು. ಅಲ್ಲಿ ಟೀಚರ್ ಇರುತ್ತಾರೆ. ಅವಳು ಹಾಗೆಯೇ ಮಾಡಿ ತೋರಿಸಿದಳು. ಒಂದೂ ತಪ್ಪಲಿಲ್ಲ. ಜಾಣೆ.

೩ ಜೂನ್, ಸೋಮವಾರ

ಡಬ್ಬಿ ಕಿಕ್ಕಿರಿದು ತುಂಬಿತ್ತು. ಆಫೀಸರ್ ಎಣಿಸಿ ಸುಸ್ತಾದರು. ಪರಸಿಯನ್ನು ತೋರಿಸಿದೆ, ತಲೆದೂಗಿದರು. ಕಿಟಕಿಯ ಹತ್ತಿರ ಕೂತಿದ್ದಳು, ಕೆಂಪು ಇಳಕಲ್ ಸೀರೆ, ತೊಡೆಯ ಮೇಲೆ ರೊಟ್ಟಿಯ ಗಂಟು. ಗಾಡಿ ಬಿಟ್ಟಾಗ ಅಂಗೈಯಿಂದ ಹಲಗೆ ಒತ್ತಿ ತೋರಿಸಿ ನಕ್ಕಳು.

ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

೫ ಜೂನ್, ಬುಧವಾರ

ಶಾಲೆಯಿಂದ ತಂತಿ. ಪರಸವ್ವ ಬಂದಿಲ್ಲ.

ಏನು ಹಾಗಂದರೆ? ನೇರ ಡಬ್ಬಿ ಅದು. ಬೆಂಗಳೂರು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಟೀಚರ್ ಸರಿಯಾಗಿ ನೋಡಿರಲಿಕ್ಕಿಲ್ಲ. ಅವ್ವನಿಗೆ ಹೇಳಿಲ್ಲ.

೬ ಜೂನ್

ಹೊನವಾಡದ ಟೇಲರ್ ಬಾಬುಸಾಬ ಅಂಗಡಿಗೆ ಬಂದ. ಮೊದಲ ದಿನ ಡಬ್ಬಿ ತುಂಬಲು ಹೋದವನು. ಬಾಗಲಕೋಟೆಯಲ್ಲಿ ಅಕ್ಕನ ಮನೆಯಲ್ಲಿ ಉಳಿದು ಈಗ ಬಂದಿದ್ದಾನೆ. ಮಾತಿಗೆ ಮಾತು ಬಂದು ಹೇಳಿದ.

"ಬಾಗಲಕೋಟಿ ಬಂದ ಕೂಡ್ಲೇ ಡಬ್ಬಿಗಿ ಡಬ್ಬಿನ ಎದ್ದು ನಿಂತ್ವಿ ನೋಡ್ರಿ. ನಗಾಡ್ಕೋತ ಇಳದ್ವಿ. ಕಿಟಕಿ ಬಾಜೂಕ ಒಂದು ಹುಡಿಗಿ ಇತ್ತು, ಕೆಂಪು ಸೀರಿದು. ಸುತ್ತ ನೋಡ್ತು, ನೋಡ್ತು, ಕಡೀಕ ಅದೂ ಎದ್ದು ಬಂತು. ನಮ್ಮ ಮಂದೀನ ಅಂತ ನಾನ ಅದರ ಗಂಟು ಇಳಿಸಿ ಕೊಟ್ನಿರಿ."

ತಕ್ಕಡಿ ಹಿಡಿದು ಕೂತೆ.

ಎಲ್ಲರೂ ಇಳಿದರು. ಅವಳೂ ಇಳಿದಳು. ನಾನು ಹೇಳಿಕೊಟ್ಟಂತೆಯೇ ಮಾಡಿದಳು. ಇಳಿಸಿದವನು ನಾನು.

೧೧ ಜೂನ್

ಬಾಗಲಕೋಟೆ. ನಾಲ್ಕು ದಿನದಿಂದ ಸ್ಟೇಷನ್, ಧರ್ಮಶಾಲೆ, ಸಂತೆ, ಹೊಳೆದಂಡೆ. ಹೆಸರು ಹಿಡಿದು ಕೂಗುವಂತಿಲ್ಲ... ಕೂಗಿದರೆ ಕೇಳುವುದಿಲ್ಲ. ಕೆಂಪು ಸೀರೆ ಕಂಡಲ್ಲೆಲ್ಲ ಓಡಿದೆ, ಬೈಸಿಕೊಂಡೆ. ಚಹಾದಂಗಡಿಯ ಮಾಶಾಬಿ ಮಾತ್ರ ನೋಡಿದ್ದಾಳೆ. "ಗೇಟಿನ ಹತ್ರ ನಿಂತಿತ್ತರಿ ಹುಡಿಗಿ. ಬಂದಬಂದವರ ಮಾರಿ ನೋಡತಿತ್ತು. ಯಾರ್ನೋ ಕಾಯಾಕತ್ತಿತ್ತು. ಬೆಳಗಾಗೂದ್ರಾಗ ಇರಲಿಲ್ಲ."

ಟೀಚರನ್ನು ಕಾದಿದ್ದಾಳೆ. ಇದೇ ಬೆಂಗಳೂರು ಅಂದುಕೊಂಡು.

೧೪ ಜೂನ್

ಸಾವಕಾರರು ಪಕ್ಕಕ್ಕೆ ಕರೆದರು. "ಪೋಲೀಸರಿಗೆ ಹೇಳು, ಬ್ಯಾಡ ಅನ್ನಂಗಿಲ್ಲ. ಆದ್ರ ಎಲ್ಲಾರೂ ಬಾಗಲಕೋಟ್ಯಾಗ ಇಳದ್ರು ಅನ್ನೂದು ಬರಸಬ್ಯಾಡ. ಡಬ್ಬಿ ಕೈಬಿಟ್ಟು ಹೊಕ್ಕೈತಿ."

ಎಲ್ಲ ಬರೆಸಿದೆ. ಡಬ್ಬಿ ಹಾಳಾಗಿ ಹೋಗಲಿ. ಅಂಗಡಿಯ ಕೆಲಸವೂ ಹೋಯಿತು. ಗೋಡೆಯ ಮೇಲಿನ ಇದ್ದಿಲಿನ ಹೆಸರನ್ನು ಅವ್ವ ಯಾರಿಗೂ ಮುಟ್ಟಗೊಡುವುದಿಲ್ಲ.

೨೩ ಜುಲೈ

ಡಬ್ಬಿ ಕಾಯಂ ಆಯಿತಂತೆ. ಪೋಲೀಸರ ಕಾಗದ ಎಲ್ಲೋ ಬಿದ್ದಿದೆ. ಆಫೀಸರ ಎಣಿಕೆ ಮೇಲಕ್ಕೆ ಹೋಗಿದೆ. ಬಜಾರದಲ್ಲಿ ಪೇಢೆ ಹಂಚಿದರು. ನನ್ನ ಕೈಗೂ ಒಂದು ಇಟ್ಟರು. ಏನು ಮಾಡಲಿ ಅದನ್ನು?

೨೭ ಜುಲೈ, ಶನಿವಾರ. ಸ್ಟೇಷನ್ನಿನಲ್ಲಿ

ಬೆಂಗಳೂರಿನಿಂದ ಮೊದಲ ಡಬ್ಬಿ ಇವತ್ತು. ಬಾಗಲಕೋಟೆಯ ಮೇಲೆಯೇ ಬರುತ್ತದೆ. ಯಾರಾದರೂ ಪುಣ್ಯಾತ್ಮರು ಅವಳನ್ನು ಹತ್ತಿಸಿದ್ದರೆ... ತನ್ನ ಹೆಸರು ಬರೆಯಲು ಬರುತ್ತದೆ. ಊರಿನ ಹೆಸರು ಕಲಿಸಿರಲಿಲ್ಲ.

ಬಂತು. ತೋರಣ ಕಟ್ಟಿದ್ದಾರೆ. ಬಾಜಾ. ಸಾವಕಾರರ ಕೊರಳಲ್ಲಿ ಹಾರ. ನಾನು ಬೆಂಚಿನಿಂದ ಎದ್ದಿಲ್ಲ.

ಜನ ಇಳಿಯುತ್ತಿದ್ದಾರೆ. ಗಂಟು, ಟ್ರಂಕು, ಮಕ್ಕಳು. ಕೆಂಪು ಸೀರೆ ಇನ್ನೂ ಕಂಡಿಲ್ಲ. ಕಾಣುವುದೂ ಇಲ್ಲ ಈಗಲೇ. ಅವಳು ಮೊದಲೇ ಏಳುವವಳಲ್ಲ. ಅಂಗೈಯಿಂದ ಹಲಗೆ ಒತ್ತಿ ಕೂತಿರುತ್ತಾಳೆ. ಇನ್ನೂ ಇಬ್ಬರು ಬಾಗಿಲಲ್ಲಿದ್ದಾರೆ. ಅವರೂ ಇಳಿಯಲಿ. ಎಲ್ಲರೂ ಇಳಿದ ಮೇಲೆ—