ಕೇಳಿಸದ ಊರಲ್ಲಿ ಕಡೆಯ ದಿನ

ಹೋಟೆಲಿನ ಐದನೇ ಮಹಡಿ, ಕಿಟಕಿ ಪಕ್ಕದ ಮೇಜು
ಅಕ್ಟೋಬರ್ ೧೪, ಸಂಜೆ

ನನ್ನ ಗುಬ್ಬೀ,

ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಾನು ಊರು ಮುಟ್ಟಿ, ಶಾಲೆ ಮಕ್ಕಳ ನಾಲ್ಕು ಜೊತೆ ಯೂನಿಫಾರಂ ಹೊಲಿದೂ ಆಗಿರುತ್ತದೆ. ಆದರೂ ಇಲ್ಲಿಂದಲೇ ಬರೆಯುತ್ತಿದ್ದೇನೆ. ಮನೆಗೆ ಹೋದಮೇಲೆ ಧೈರ್ಯ ಸಾಲದೇ ಹೋದೀತು.

ಎಂಟು ದಿನ ನಾನು ನೋಡಿದ್ದು ಈ ಊರನ್ನಲ್ಲ, ನಿನ್ನ ಚಿಕ್ಕಪ್ಪನ ಬೆನ್ನನ್ನು. ಅವರು ಮುಂದೆ, ಅವರ ಹಿಂದೆ ಚಿಕ್ಕಮ್ಮ, ಚಿಕ್ಕಮ್ಮನ ಬ್ಯಾಗಿನ ಹಿಂದೆ ನಾನು. ಅವರ ಕೋಟಿನ ಬೆನ್ನ ಹೊಲಿಗೆ ಎಡಕ್ಕೆ ಕಾಲು ಇಂಚು ಸರಿದಿದೆ. ಅದು ನನಗೆ ಬಾಯಿಪಾಠವಾಗಿದೆ. ಇವತ್ತು ಬೆಳಿಗ್ಗೆ ಅವರ ಮಂಡಿ ಊದಿಕೊಂಡಿತು. ಚಿಕ್ಕಮ್ಮ ಬಿಸಿನೀರಿನ ಚೀಲ ಹಿಡಿದು ಪಕ್ಕದಲ್ಲಿ ಕೂತಳು. ನಾನು ಮೆಲ್ಲಗೆ ಬೂಟು ಹಾಕಿಕೊಂಡೆ.

"ಒಬ್ಬಳೇ ಎಲ್ಲಿಗಕ್ಕಾ? ಭಾಷೆ ಬರಲ್ಲ, ದಾರಿ ಗೊತ್ತಿಲ್ಲ!" ಎಂದು ನನ್ನ ಮುಖಕ್ಕೇ ಬಂದಳು.

"ಬಾಯಿದ್ದೋನು ಬರಗಾಲದಲ್ಲೂ ಬದುಕಿದ್ನಂತೆ. ನಾನು ಒಂದು ದಿನ ಬದುಕಲ್ವಾ?" ಎಂದು ಹೊರಟೆ. ನನಗಿದ್ದದ್ದು ಬಾಯಿಯ ಚಿಂತೆಯಲ್ಲ ಮಗಳೇ.

ಹೋಟೆಲಿನ ವಿಳಾಸದ ಚೀಟಿ ಮುಷ್ಟಿಯಲ್ಲಿತ್ತು. ಮಂಜು ಇನ್ನೂ ಕರಗಿರಲಿಲ್ಲ. ಎದುರಿಗೆ ಬಂದು ನಿಂತ ಟ್ರಾಮನ್ನು, ಅದು ಎಲ್ಲಿಗೆ ಹೋಗುತ್ತದೆಂದು ನೋಡದೆ ಹತ್ತಿ, ಕಿಟಕಿಗೆ ಹಣೆ ಆನಿಸಿ ಕೂತೆ. ನದಿ ಬಂತು, ಸೇತುವೆ ಬಂತು. ಜನರೆಲ್ಲ ಒಗೆದು ಒಣಹಾಕಿದ ತೆಳು ಬಟ್ಟೆಯ ಆಚೆ ನಡೆಯುತ್ತಿದ್ದಂತಿತ್ತು. ಒಬ್ಬಳು ಹೆಂಗಸು ನಾಯಿಗೆ ಏನೋ ಬುದ್ಧಿ ಹೇಳುತ್ತಿದ್ದಳು. ಬಾಯಿ ಆಡುವುದಷ್ಟೇ ಕಂಡಿತು. ನಾನು ಎಚ್ಚರವಾಗಿದ್ದೇನೋ ಕನಸಿನೊಳಗೆ ಕೂತಿದ್ದೇನೋ ಎಂದು ಒಮ್ಮೆ ಕೈ ಚಿವುಟಿಕೊಂಡೆ.

ಪಕ್ಕದಲ್ಲಿದ್ದ ಮುದುಕರು ಏನೋ ಕೇಳಿದರು. ತಿಳಿಯಲಿಲ್ಲವೆಂದು ಕೈಯಾಡಿಸಿದೆ. ಅವರು ಹುಬ್ಬು ಗಂಟಿಕ್ಕಲಿಲ್ಲ, ಕೂಗಲಿಲ್ಲ. ನಕ್ಕು, ಬೆರಳಲ್ಲಿ ಕಿಟಕಿಯಾಚೆಯ ಗಡಿಯಾರದ ಗೋಪುರ ತೋರಿಸಿದರು. ಇಲ್ಲಿ ನಾನು ಬರೀ ಪರದೇಶದವಳು. ಅದೆಷ್ಟು ಹಗುರವಾಯಿತೆಂದರೆ ಕಣ್ಣಲ್ಲಿ ನೀರು ಬಂತು.

ಟ್ರಾಮ್ ಕಡೆಯ ನಿಲ್ದಾಣದಲ್ಲಿ ಇಳಿಸಿತು. ಇಳಿಜಾರಿನ ಓಣಿ, ಕಲ್ಲು ಹಾಸಿದ ದಾರಿ, ಮೂಲೆಯಲ್ಲೊಂದು ದರ್ಜಿ ಅಂಗಡಿ. ಕಣ್ಣು ಅಲ್ಲಿಗೇ ಹೋಗಬೇಕೇ! ಗಾಜಿನಾಚೆ ನನ್ನದೇ ವಯಸ್ಸಿನವಳೊಬ್ಬಳು ಉಣ್ಣೆಯ ಕೋಟಿನ ಒಳಪದರದ ಹೊಲಿಗೆ ಬಿಚ್ಚುತ್ತಿದ್ದಳು. ತೋಳಿನ ಬುಡ ಕೂರುತ್ತಿರಲಿಲ್ಲ; ಕೂರಿಸುತ್ತಾಳೆ, ಬಿಚ್ಚುತ್ತಾಳೆ. ನನ್ನ ಕೈ ತಡೆಯಲಿಲ್ಲ, ಗಾಜಿನ ಮೇಲೆಯೇ ಬೆರಳಿಂದ ಗೆರೆ ಎಳೆದು ತೋರಿಸಿದೆ. ಅವಳು ತಲೆಯೆತ್ತಿ ನೋಡಿ, ಒಳಗೆ ಬಾ ಎಂದು ಸನ್ನೆ ಮಾಡಿದಳು.

ಒಳಗೆ ಹೋಗಿ ನನ್ನ ಎಡಗೈಯ ತೋರುಬೆರಳು ಚಾಚಿದೆ. ಅವಳೂ ತನ್ನದನ್ನು ಚಾಚಿದಳು. ಸೂಜಿ ತಿಂದ ಅದೇ ಗುರುತು! ಒಂದು ಗಂಟೆ ಜೊತೆಯಲ್ಲಿ ಹೊಲಿದೆವು, ಅವಳು ಒಂದು ತೋಳು, ನಾನು ಇನ್ನೊಂದು. ಆಮೇಲೆ ಅವಳು ಸೂಜಿ ನಿಲ್ಲಿಸಿ, ಬೀದಿ ಕಡೆ ನೋಡುತ್ತಾ ಬಹಳ ಹೊತ್ತು ಏನೋ ಹೇಳಿದಳು. ಕಣ್ಣು ತುಂಬಿತ್ತು. ನಾನು ಹೂಂ ಹೂಂ ಎಂದು ತಲೆಯಾಡಿಸಿದೆ. ಆಡಿಸುತ್ತಲೇ ನನ್ನ ಮೇಲೆ ನನಗೇ ಅಸಹ್ಯವಾಯಿತು. ಎರಡು ವರ್ಷದಿಂದ ನಿನಗೂ ಇದನ್ನೇ ಮಾಡುತ್ತಿದ್ದೇನಲ್ಲ!

ನನಗೆ ಕಿವಿ ಕೇಳಿಸುವುದಿಲ್ಲ ಗುಬ್ಬಿ.

ಎಡಗಿವಿ ಮೊದಲೇ ಹೋಯಿತು. ಬಲಗಿವಿಗೆ ಮಾತು ಕೊಡದೊಳಗಿಂದ ಬಂದಂತೆ ಬರುತ್ತದೆ. ಮುಖ ಎದುರಿಗಿದ್ದರೆ ತುಟಿ ನೋಡಿ ಸಂಭಾಳಿಸುತ್ತೇನೆ; ಫೋನಿಗೆ ತುಟಿ ಎಲ್ಲಿಂದ ತರಲಿ? ಅದಕ್ಕೇ ನೀನು ಹತ್ತು ಸಲ ಮಾಡಿದರೆ ಒಂದು ಸಲ ಎತ್ತಿದೆ. "ನನ್ನ ಮದುವೆ ಇಷ್ಟ ಇಲ್ದಿದ್ರೆ ನೇರವಾಗಿ ಹೇಳಮ್ಮ" ಎಂದು ನೀನು ಬರೆದು ಕಳಿಸಿದಾಗಲೂ ಸುಮ್ಮನಿದ್ದೆ. ನಿನ್ನ ಗಂಡ ಬಂಗಾರದಂಥ ಹುಡುಗ. ಆದರೆ ಕೆಪ್ಪಿ ಅನ್ನಿಸಿಕೊಳ್ಳುವುದಕ್ಕಿಂತ ಸಿಡುಕಿ ಅನ್ನಿಸಿಕೊಳ್ಳುವುದೇ ಮೇಲೆಂದು ಕಂಡಿತ್ತು. ಹೆಡ್‌ಮಿಸ್ ಇಪ್ಪತ್ತು ಅಂಗಿ ಎಂದರೆ ಎಪ್ಪತ್ತು ಕತ್ತರಿಸಿಟ್ಟು, "ನಾನು ಮಾಡಿದ್ದೇ ಸರಿ" ಎಂದು ಜಗಳ ಮಾಡಿದವಳು ನಾನು. ನಿನ್ನ ಅಜ್ಜಿಗೆ ಕಿವಿ ಮಂದವಾದಾಗ, ಅವರ ತಪ್ಪು ಉತ್ತರ ಕೇಳಿ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದವಳೂ ನಾನೇ. ಆ ನಗು ನನಗೆ ಬೇಡವಾಗಿತ್ತು.

ಇವತ್ತು ಆ ದರ್ಜಿ ಹೆಂಗಸಿನ ಮುಂದೆ ಕಿವಿ ಮುಟ್ಟಿ, ಇಲ್ಲವೆಂದು ಕೈಯಾಡಿಸಿದೆ. ಜಗತ್ತಿನಲ್ಲಿ ಮೊದಲು ತಿಳಿದದ್ದು ಅವಳಿಗೆ. ಅವಳು ಮರುಗಲಿಲ್ಲ. ಕುರ್ಚಿ ತಿರುಗಿಸಿ, ಮುಖಕ್ಕೆ ಬೆಳಕು ಬೀಳುವಂತೆ ಕೂತು, ಹೇಳಿದ್ದನ್ನೆಲ್ಲ ಮತ್ತೆ ನಿಧಾನವಾಗಿ, ತುಟಿ ಬಿಡಿಸಿ ಬಿಡಿಸಿ ಹೇಳತೊಡಗಿದಳು. ಭಾಷೆಯೇ ಬಾರದವಳಿಗೆ ನಿಧಾನವಾಗಿ ಹೇಳಿ ಏನು ಬಂತು? ಇಬ್ಬರಿಗೂ ಒಟ್ಟಿಗೇ ಹೊಳೆದು, ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತಲೇ ಅವಳು ಅತ್ತಳು, ನಾನೂ ಅತ್ತೆ. ಅವಳ ದುಃಖ ಏನೆಂದು ನನಗೆ ಎಂದಿಗೂ ತಿಳಿಯುವುದಿಲ್ಲ.

ನದಿ ದಡದಲ್ಲಿ ನಡೆದೇ ವಾಪಸು ಬಂದೆ. ಎರಡು ಸಲ ದಾರಿ ತಪ್ಪಿದೆ, ತಪ್ಪಿದ್ದಕ್ಕೆ ಬೇಜಾರಾಗಲಿಲ್ಲ. ಮಂಜು ಹರಿದು ನೀರೆಲ್ಲ ಹೊಳೆಯುತ್ತಿತ್ತು. ಹೋಟೆಲಿನ ಬಾಗಿಲಲ್ಲೇ ಚಿಕ್ಕಮ್ಮ ನನಗೆ ಮಂಗಳಾರತಿ ಎತ್ತಿದಳು. ಏನೆಂದಳೆಂದು ಇಲ್ಲಿ ಬರೆಯಲು ಕೈ ಬರುತ್ತಿಲ್ಲ.

ಊಟ ತಿಂಡಿ ಹೊತ್ತಿಗೆ ಸರಿಯಾಗಿ ಮಾಡು. ಅಳಿಯಂದಿರಿಗೆ ಆಶೀರ್ವಾದ ತಿಳಿಸು.

ನಿನ್ನ ಮೊಂಡು
ಅಮ್ಮ

ಮರೆತ ಮಾತು: ಮರೆತದ್ದೇನಲ್ಲ, ಮುಚ್ಚಿಟ್ಟದ್ದು. ಚಿಕ್ಕಮ್ಮ ಅಂದದ್ದು ಇಷ್ಟು: "ಬಸುರಿ ಮಗಳು ಹೆರಿಗೆಗೆ ಬಾರಮ್ಮಾ ಅಂತ ಕರೆದ್ರೆ ಆಗಲ್ಲ ಅಂದೋಳು, ಊರು ಸುತ್ತೋಕೆ ಮಾತ್ರ ಕಾಲು ಬಂತಾ?" ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಜೂನ್ ತಿಂಗಳ ಆ ಭಾನುವಾರ ನೀನು ಫೋನಿನಲ್ಲಿ ಅಷ್ಟು ಹೊತ್ತು ಮಾತಾಡಿ, ಕಡೆಗೆ ಏನೋ ಕೇಳಿ ಸುಮ್ಮನಾದೆಯಲ್ಲ, ಆಗ ನಾನು "ಕೈತುಂಬ ಕೆಲಸ ಇದೆ, ಈಗ ಆಗಲ್ಲಮ್ಮ" ಎಂದುಬಿಟ್ಟೆ. ನೀನು ಕೇಳಿದ್ದು ನನಗೆ ಕೇಳಿಸಲೇ ಇಲ್ಲ ಮಗಳೇ. ನೀನು ಬಸುರಿ ಎಂಬುದೂ ನನಗೆ ತಿಳಿದದ್ದು ಇವತ್ತು ಮೂರು ಗಂಟೆಗೆ. ಇನ್ನೊಂದು ಸಲ ಕೇಳು, ಬರೆದು ಕೇಳು. ಕೇಳದಿದ್ದರೂ ಬರುತ್ತೇನೆ. ಬಂದ ಮಾರನೆಯ ದಿನವೇ ನನ್ನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಮಗು ಅತ್ತರೆ ನನಗೆ ಕೇಳಿಸಬೇಕು.