ಮನೆಯ ಉದಾಹರಣೆ

ಮಾರ್ಚ್ ೫, ಗುರುವಾರ

ಅಂಗಡಿಯಲ್ಲಿ ದಿನವಿಡೀ ಕನ್ನಡಕದ ಸ್ಕ್ರೂ ಬಿಗಿದದ್ದೇ ಬಂತು. ಕಣ್ಣುರಿ. ಶನಿವಾರ ಭಜನಾ ಸಂಘದ ಹಾಲಿನಲ್ಲಿ ನಾನು ನಡೆಸುವ ತರಗತಿಗೆ ಏನೂ ತಯಾರಿಲ್ಲ. ಒಂಬತ್ತು ಬಗೆಯ ಭಕ್ತಿ, ವಾರಕ್ಕೊಂದು. ಈ ವಾರ ದಾಸ್ಯ. ಸೇವಕನಾಗಿ ನಿಲ್ಲುವುದು. ಹನುಮಂತ.

ಹನುಮಂತನ ಬಗ್ಗೆ ಹೊಸದೇನು ಹೇಳಲಿ? ಮುಂದಿನ ಸಾಲಿನವರಿಗೆ ನನಗಿಂತ ಚೆನ್ನಾಗಿ ಗೊತ್ತು. ಹೋದ ವಾರ ವಂದನ, ಅಕ್ರೂರ — ರಥದಿಂದಿಳಿದು ಕೃಷ್ಣನ ಹೆಜ್ಜೆ ಬಿದ್ದ ಧೂಳಿನಲ್ಲಿ ಹೊರಳಾಡಿದ ಅಂತ ಗಂಟಲು ಹರಿಯುವ ಹಾಗೆ ಹೇಳಿದೆ. ಮೂಲೆಯಿಂದ ಗೊರಕೆ. ಆಮೇಲೆ ಕಾರ್ಯದರ್ಶಿ ಹತ್ತಿರ ಬಂದು, "ಅಕ್ಕಾ, ಜನ ನಿಮ್ಮ ಮನೆ ಉದಾಹರಣೆಗೇ ಕಾಯೋದು. ಅದಿಲ್ದಿದ್ರೆ ಸಪ್ಪೆ" ಎಂದ.

ನಿಜವೇ. ಮೊದಲು ಪದದ ಅರ್ಥ, ಆಮೇಲೆ ಪುರಾಣ, ಕೊನೆಗೆ ಮನೆಯ ಉದಾಹರಣೆ — ನನ್ನ ಪದ್ಧತಿ. ಸ್ಮರಣಕ್ಕೆ ಪ್ರಹ್ಲಾದ ಆದ ಮೇಲೆ, ಚಿಕ್ಕಪ್ಪ ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದ್ದನ್ನು ಹೇಳಿದ್ದೆ. ಹಾಲ್ ಬಿದ್ದು ಬಿದ್ದು ನಕ್ಕಿತ್ತು. ಮನೆಯಲ್ಲಿ ಹೇಳಿದಾಗ ಚಿಕ್ಕಪ್ಪನೂ ನಕ್ಕ.

ದಾಸ್ಯಕ್ಕೆ ಯಾರು?... ಒಂದು ಇದೆ. ಬೇಡ.

ಮಾರ್ಚ್ ೭, ಶನಿವಾರ, ರಾತ್ರಿ ೮

ಹೇಳಿಬಿಟ್ಟೆ.

"ನನಗೆ ಗೊತ್ತಿರೋ ಒಬ್ಬಾಕೆ" ಎಂದೆ, ಅಷ್ಟೆ. ಹೆಸರು ಎತ್ತಲಿಲ್ಲ. ಗಂಡನಿಗೆ ಸ್ಟ್ರೋಕ್, ಒಂದು ಮಗ್ಗುಲು ಪೂರ್ತಿ ಹೋಗಿದೆ. ಊಟ, ಸ್ನಾನ, ಮಗ್ಗುಲು ಬದಲಾಯಿಸುವುದು ಎಲ್ಲ ಆಕೆಯೇ. ಒಂದು ಮಧ್ಯಾಹ್ನ ಹೊರಗಿಂದ ಬೀಗ ಜಡಿದು ಬಸ್ಸು ಹತ್ತಿದಳು. ಕಿಟಕಿ ಪಕ್ಕದ ಸೀಟು. ಕೊನೆಯ ಸ್ಟಾಪ್‌ವರೆಗೆ ಹೋಗಿ, ಇಳಿಯದೆ ಅದೇ ಬಸ್ಸಿನಲ್ಲಿ ವಾಪಸ್. ಅಷ್ಟರಲ್ಲಿ ಗಂಡ ಹಾಸಿಗೆಯಲ್ಲೇ ಮಾಡಿಕೊಂಡಿದ್ದ. "ಅಯ್ಯೋ, ಬೀಗ ಜಾಮ್ ಆಗಿತ್ತು ಕಣ್ರೀ, ರಿಪೇರಿಯವನನ್ನ ಹುಡುಕಿ ಹುಡುಕಿ ಸಾಕಾಯ್ತು!" — ಗಂಡನಿಗೆ ಹೇಳಿದ ಈ ನೆಪವನ್ನು ಆಕೆಯದೇ ದನಿಯಲ್ಲಿ ಹೇಳಿದೆ. ಸೆರಗಿನಿಂದ ಬೆವರು ಒರೆಸಿಕೊಳ್ಳುವುದನ್ನೂ ಮಾಡಿ ತೋರಿಸಿದೆ. ನಗು ತಡೆಯಲಾರದೆ ಒಬ್ಬರಿಗೆ ಕೆಮ್ಮು ಹತ್ತಿತು. ನಗು ಇಳಿದ ಮೇಲೆ ದನಿ ತಗ್ಗಿಸಿ, "ಹನುಮಂತ ಯಾವತ್ತೂ ರಜಾ ಕೇಳಲಿಲ್ಲ" ಎಂದೆ. ಇಡೀ ಹಾಲ್ ಗಪ್‌ಚಿಪ್. ಆಮೇಲೆ ಚಪ್ಪಾಳೆ.

ಆಕೆ ನನ್ನ ಅತ್ತಿಗೆ. ಆ ಗಂಡ ನನ್ನ ಅಣ್ಣ. ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡು ಹೇಳಿದ್ದರು, "ಯಾರ ಹತ್ರಾನೂ ಬಾಯಿ ಬಿಡಬೇಡ, ಅವರಿಗೆ ಗೊತ್ತಾದ್ರೆ ನಾನು ಸತ್ತ ಹಾಗೆ" ಎಂದು.

ಯಾರಿಗೂ ಗೊತ್ತಾಗುವುದಿಲ್ಲ. ತರಗತಿಗೆ ಬರುವವರಾರೂ ಅವರನ್ನು ಕಂಡಿಲ್ಲ.

ಮಾರ್ಚ್ ೮, ಭಾನುವಾರ

ಬೆಳಿಗ್ಗೆ ಅತ್ತಿಗೆಯ ಫೋನ್.

"ನಿನ್ನೆ ಚೆನ್ನಾಗಿ ಮಾತಾಡ್ದೆ."

"ಯಾರು ಹೇಳಿದ್ರು ಅತ್ತಿಗೆ?"

"ಯಾರು ಹೇಳಬೇಕು? ಫೋನಲ್ಲಿ ಬರುತ್ತಲ್ಲ ಈಗ. ನಿಮ್ಮಣ್ಣ ಲಿಂಕ್ ತರಿಸ್ಕೊಂಡಿದ್ರು, ತಂಗಿ ಮಾತು ಕೇಳ್ಬೇಕು ಅಂತ. ನಾನೇ ಅವರ ಎದೆ ಮೇಲೆ ಫೋನ್ ಇಟ್ಟು ಪಕ್ಕದಲ್ಲಿ ಕೂತಿದ್ದೆ."

"ಅತ್ತಿಗೆ, ನಾನು..." ಎಂದೆ.

"ಸರಿ, ಅವರಿಗೆ ಮೈ ಒರೆಸ್ಬೇಕು, ಇಡ್ತೀನಿ" ಎಂದರು. ಬೈಯಲಿಲ್ಲ. ಬೈದಿದ್ದರೆ ಕಾಲಿಗಾದರೂ ಬೀಳಬಹುದಿತ್ತು.

ಮಾರ್ಚ್ ೯

ಅಂಗಡಿಯಲ್ಲಿ ಒಬ್ಬರ ಕನ್ನಡಕ ಇನ್ನೊಬ್ಬರಿಗೆ ಕೊಟ್ಟು ಕಳಿಸಿದೆ. ಮಾಲೀಕರು ಏನೂ ಅನ್ನಲಿಲ್ಲ, ಮುಖ ನೋಡಿದರು. ವಿಡಿಯೋ ತೆಗೆದುಹಾಕು ಅಂತ ಕಾರ್ಯದರ್ಶಿಗೆ ಹೇಳಿದೆ. "ಹುಚ್ಚಾ ಅಕ್ಕಾ ನಿಮಗೆ? ಎಲ್ಲರೂ ಅದನ್ನೇ ಹಂಚ್ತಿದ್ದಾರೆ!" ಕಾಡಿ ಬೇಡಿ ತೆಗೆಸಿದೆ. ತೆಗೆಸಿ ಏನು ಬಂತು? ಕೇಳಬಾರದಿದ್ದವರು ಕೇಳಿಯಾಗಿದೆ.

ಮಾರ್ಚ್ ೧೧, ಬುಧವಾರ

ಅಣ್ಣನ ಮನೆಗೆ ಹೋಗುವ ದಿನ. ಶೀತ ಅಂತ ಮೆಸೇಜ್ ಕಳಿಸಿದೆ. "ಸರಿ" ಅಂತ ಉತ್ತರ. ಶೀತವೂ ಇಲ್ಲ, ಮಣ್ಣೂ ಇಲ್ಲ. ಹೇಡಿ ನಾನು.

ಮಾರ್ಚ್ ೧೮, ಬುಧವಾರ

ಹೋದೆ. ಅತ್ತಿಗೆ ಬಾಗಿಲು ತೆಗೆದು, ನೀರು ಕೊಟ್ಟು, ಬಟ್ಟೆ ಒಣಹಾಕುತ್ತೇನೆ ಅಂತ ಮಹಡಿಗೆ ಹೋದರು. ಅಣ್ಣನ ಕೋಣೆಯಲ್ಲಿ ಡೆಟಾಲ್ ವಾಸನೆ. ಅವನ ಮಾತು ಈಗ ನಿಧಾನ, ಆದರೆ ಸ್ಪಷ್ಟ.

"ಅಣ್ಣಾ, ತಪ್ಪಾಯ್ತು" ಎಂದೆ. "ನಿನಗೆ ಹೀಗೆ ಗೊತ್ತಾಗಬಾರದಿತ್ತು."

"ನನಗೆ ಅವತ್ತೇ ಗೊತ್ತಿತ್ತು ಕಣೇ."

ಏನು ಹೇಳುತ್ತಿದ್ದಾನೆ ಅಂತ ತಿಳಿಯಲಿಲ್ಲ.

"ಕೈಕಾಲು ಬಿದ್ದಿದೆ, ಕಿವಿ ಬಿದ್ದಿಲ್ವಲ್ಲ. ಬೀಗ ಹಾಕಿದ್ದೂ ಕೇಳಿಸ್ತು, ಚಪ್ಪಲಿ ಮೆಟ್ಕೊಂಡು ಹೋಗಿದ್ದೂ ಕೇಳಿಸ್ತು. ಮೊದಲು ಕೋಪ ಬಂತು. ಚೆನ್ನಾಗೇ ಬಂತು. ಆಮೇಲೆ ಬಂದ್ಲು ನೋಡು... ಮುಖ ಎಷ್ಟು ಹಗುರಾಗಿತ್ತು ಅಂತೀಯ. ಎಷ್ಟೋ ಕಾಲದ ಮೇಲೆ ಹಾಗೆ ನೋಡಿದ್ದು. 'ಹಾಳು ಬೀಗ' ಅಂತ ನಾನೂ ಸೇರಿ ಬೈದೆ."

ನೀರು ಬೇಕು ಎಂದ, ಎರಡು ಗುಟುಕು ಕುಡಿಸಿದೆ.

"ಅವತ್ತಿಂದ ಆಗಾಗ ಬೀಗ ಕೆಡ್ತಿತ್ತು. ಅಂಥ ಮಧ್ಯಾಹ್ನ ನಾನು ನೀರು ಕಮ್ಮಿ ಕುಡೀತಿದ್ದೆ, ಅಷ್ಟೆ. ಅವಳಿಗೆ ಅಂತ ನಾನು ಮಾಡೋಕೆ ಆಗ್ತಿದ್ದದ್ದು ಅದೊಂದೇ. ಈಗ ಅವಳು ಹೊಸಿಲು ದಾಟಲ್ಲ. ಹೋಗಿ ಬಾ ಅಂತ ನಾನೇ ಬಾಯ್ಬಿಟ್ಟು ಹೇಳಿದೆ. 'ನಿಮಗೆ ಗೊತ್ತಿದ್ದೂ ಹೇಗೆ ಹೋಗ್ಲಿ' ಅಂತಾಳೆ."

ಮಹಡಿಯಿಂದ ಬಟ್ಟೆ ಕೊಡವುವ ಸದ್ದು ಬರುತ್ತಿತ್ತು. ನಾನು ತಲೆಯೆತ್ತಲಿಲ್ಲ. ದಾಸ್ಯ ಅಂದರೇನು ಅಂತ ಊರಿಗೆಲ್ಲ ಹೇಳಿದವಳು. ಇವರಿಬ್ಬರೂ ಮಾತಿಲ್ಲದೆ ಕಟ್ಟಿಕೊಂಡಿದ್ದನ್ನು ಒಂದು ಚಪ್ಪಾಳೆಗೆ ಮಾರಿಕೊಂಡೆ. ನನ್ನ ಮೇಲೆ ನನಗೇ ಅಸಹ್ಯ.

ಮಾರ್ಚ್ ೨೧, ಶನಿವಾರ

ಹೋದ ಶನಿವಾರ ಅದೇ ಶೀತದ ನೆಪ ಹೇಳಿ ತರಗತಿ ತಪ್ಪಿಸಿದ್ದೆ. ಈ ವಾರ ಸಖ್ಯ. ಅರ್ಜುನ. ಸ್ನೇಹಿತನನ್ನೇ ಸಾರಥಿ ಮಾಡಿಕೊಂಡ, ಸಲಿಗೆಯಲ್ಲಿ ಏನೇನೋ ಅಂದ, ವಿಶ್ವರೂಪ ಕಂಡ ಮೇಲೆ ನಡುಗಿ ಕ್ಷಮೆ ಕೇಳಿದ. ಹೇಳಿ ಕೂತುಬಿಟ್ಟೆ. "ಮನೆ ಉದಾಹರಣೆ ಎಲ್ಲಮ್ಮಾ?" ಅಂತ ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು. ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ.

ಮಾರ್ಚ್ ೨೫, ಬುಧವಾರ

ಗಟ್ಟಿ ಮನಸ್ಸು ಮಾಡಿ ಹೋದೆ. ಅತ್ತಿಗೆ ಬೆಡ್‌ಶೀಟ್ ಮಡಿಸುತ್ತಿದ್ದರು. ಇನ್ನೊಂದು ತುದಿ ಹಿಡಿದುಕೊಂಡೆ. ಕೈ ತೆಗಿ ಅನ್ನಲಿಲ್ಲ.

"ಅತ್ತಿಗೆ, ತರಗತಿ ಬಿಟ್ಟುಬಿಡ್ತೀನಿ. ಶನಿವಾರ ಶನಿವಾರ ನಾನು ಬಂದು ಅಣ್ಣನ ಹತ್ರ ಕೂರ್ತೀನಿ. ನೀವು ಹೋಗಿಬನ್ನಿ. ಎಲ್ಲಿಗೆ ಅಂತ ಕೇಳಲ್ಲ."

"ಬೇಡಮ್ಮ."

"ಅಣ್ಣನಿಗೂ ಅದೇ ಆಸೆ."

"ಗೊತ್ತು. ಬೇಡ."

"ಯಾಕೆ ಅತ್ತಿಗೆ?"

ಅಂಚಿಗೆ ಅಂಚು ಕೂಡಿಸಿ ನನ್ನ ಕೈಯಿಂದ ಶೀಟ್ ತೆಗೆದುಕೊಂಡರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ನೀನು ಬಂದು ಕೂತಿದ್ದನ್ನೂ ಒಂದಿನ ಹೇಳ್ತೀಯ."

ಇಲ್ಲ ಅನ್ನಬೇಕಿತ್ತು. ಆಣೆ ಮಾಡಬೇಕಿತ್ತು. ಬಾಯಿ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದನ್ನು ಇಲ್ಲಾದರೂ ಬರೆಯುತ್ತೇನೆ, ಯಾರೂ ಓದುವುದಿಲ್ಲ. ಆ ಮಾತು ಕೇಳಿದ ಕ್ಷಣ ನನ್ನ ತಲೆಯಲ್ಲಿ ಮೊದಲು ಹೊಳೆದದ್ದು ಅತ್ತಿಗೆಯಲ್ಲ, ಅಣ್ಣನಲ್ಲ. ಈ ಶನಿವಾರ ಕೊನೆಯದು, ಆತ್ಮನಿವೇದನ. ಕೊಡಲು ಏನೂ ಉಳಿಯದೆ ಬಲಿ ಚಕ್ರವರ್ತಿ ತನ್ನ ತಲೆಯನ್ನೇ ಒಡ್ಡಿದ್ದು. ಅದು ಮುಗಿದ ಮೇಲೆ ಒಂದು ಗುಟುಕು ನೀರು ಕುಡಿದು, ಹಾಲ್ ನಿಶ್ಶಬ್ದ ಆಗುವವರೆಗೆ ಕಾದು, "ಒಬ್ಬ ನಾದಿನಿ ಇದ್ದಳು" ಅಂತ ಶುರು ಮಾಡಿದರೆ —