ಆರ್ಚಿ ಕೇಳಿದ ಹೆಸರು

ಜೂನ್ 22, 1997, ಭಾನುವಾರ

ಬೆಳಿಗ್ಗೆ ವಾಕಿಂಗ್, ಪಕ್ಕದ ಮನೆ ಆರ್ಚಿ ಜೊತೆ. ಅಮೆರಿಕದ ಈ ಗ್ಯಾಸ್ಟೋನಿಯಾ ಊರಿನ ಮುಚ್ಚಿದ ನೂಲಿನ ಮಿಲ್ ತನಕ. ಆರ್ಚಿ ಸ್ಕಾಟ್ಲೆಂಡಿನವನು. ಗ್ಲಾಸ್ಗೋದಲ್ಲಿ ಹಡಗು ಕಟ್ಟುತ್ತಿದ್ದ ವೆಲ್ಡರ್. ಯಾರ್ಡ್ ಮುಚ್ಚಿದ ಮೇಲೆ ಮಗನ ಹತ್ತಿರ ಬಂದ. ನಾನು ಬೆಂಗಳೂರಿನ ಮಿಲ್‌ನಲ್ಲಿ ಮಗ್ಗ ನೋಡಿಕೊಂಡಿದ್ದವನು. ಚಳಿಗಾಲದಲ್ಲಿ ಇವಳು ತೀರಿಹೋದಳು... ಮಗಳು ಯಾಮಿನಿ ನನ್ನನ್ನು ಇಲ್ಲಿಗೆ ಕರೆತಂದಳು. ಆರ್ಚಿಗೂ ನನಗೂ ಕಿವಿ ಮಂದ. ಕೂಗಿಯೇ ಮಾತು.

ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿಗೆ ಸ್ವಂತ ಪಾರ್ಲಿಮೆಂಟ್ ಬೇಕೇ ಅಂತ ವೋಟಿಂಗ್ ಅಂತೆ. ಇಲ್ಲಿರುವ ಆರ್ಚಿಗೆ ವೋಟಿಲ್ಲ. "ಹಡಗು ಕಟ್ಟಿಸ್ಕೊಂಡ್ರು, ವೋಟು ಮಾತ್ರ ಕೊಡಲ್ಲ," ಅಂದ.

ಜುಲೈ 5

ಮುಂದಿನ ಶನಿವಾರ ಸ್ಕಾಟಿಷ್ ಗೇಮ್ಸ್, ಇಲ್ಲಿ ನೆಲೆಸಿದ ಸ್ಕಾಟ್ಲೆಂಡಿನವರ ಜಾತ್ರೆ. ಒಂದೊಂದು ಮನೆತನವೂ ತನ್ನ ಚೌಕಳಿ ಕಿಲ್ಟ್ ಉಟ್ಟು ಮೆರವಣಿಗೆ ಹೋಗಿ, ಆ ವರ್ಷ ತೀರಿಕೊಂಡವರ ಹೆಸರು ಕೂಗುತ್ತದಂತೆ. ಆರ್ಚಿಯ ಮಗ ಕಿಲ್ಟ್ ತಂದಿಟ್ಟಿದ್ದಾನೆ.

"ಆ ಲಂಗ ಉಟ್ಟು ವೆಲ್ಡಿಂಗ್ ಮಾಡಿದ್ರೆ ಮೊಣಕಾಲು ಉಳೀತಿತ್ತಾ? ನಮ್ಮ ಮನೆತನ ಅಂದ್ರೆ ಯಾರ್ಡು. ಕೆಲಸದ ಬಾಯ್ಲರ್ ಸೂಟಲ್ಲೇ ಬರ್ತೀನಿ."

"ಒಬ್ಬನದೇ ಮೆರವಣಿಗೆಯಾ?"

"ನೀನಿದೀಯಲ್ಲಯ್ಯ, ಮಿಲ್‌ನವನು! ನಿನ್ನ ಹೆಂಡತಿ ಹೆಸರೂ ಕೂಗು. ಏನವಳ ಹೆಸರು?"

ಆ ಹೆಸರು ಹೇಳಿ ನನಗೆ ರೂಢಿಯಿಲ್ಲ. ಮದುವೆ ದಿನ ಹೆಂಗಸರು ಬಾಗಿಲು ತಡೆದಾಗ ಒಡಪಿನ ಪದ್ಯ ಕಟ್ಟಿ ಒಮ್ಮೆ ಹೇಳಿದ್ದು. ಆಮೇಲೆಲ್ಲ 'ಏ', 'ಇವಳೇ', 'ಯಾಮಿನಿ ಅಮ್ಮ'...

ಜುಲೈ 9

"ಅಪ್ಪ, ಆರ್ಚಿ ಅಂಕಲ್‌ಗೆ ಅಮ್ಮನ ಹೆಸರು ನಾನೇ ಹೇಳ್ಲಾ?"

"ಬೇಡ."

"ಮತ್ತೆ, ನೀವು ಹೇಳ್ತೀರಾ? ನೀವು?" — ಯಾಮಿನಿ ನಕ್ಕಳು.

ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಹೇಳಿ ನೋಡಿದೆ. ಮೊದಲಕ್ಷರಕ್ಕೇ ನಿಲ್ಲಿಸಿ ನಲ್ಲಿ ಮುಚ್ಚಿದೆ. ಮೆರವಣಿಗೆಯಲ್ಲಿ ಹೇಳದೆ ಬಂದರೆ ಅವಳಿಗೆ ಅನ್ಯಾಯ. ಹೇಳಿದರೆ... ಇದ್ದಿದ್ದರೆ ಬೈಯುತ್ತಿದ್ದಳು, "ಮರ್ಯಾದೆ ಇಲ್ವಾ ನಿಮ್ಗೆ?" ಬೈದು, ಒಳಗೆ ಹೋಗಿ ನಗುತ್ತಿದ್ದಳು.

ಜುಲೈ 12, ಸಂಜೆ

ಹೋಗಿ ಬಂದೆವು. ಎಲ್ಲೆಲ್ಲೂ ಕಿಲ್ಟು, ಬ್ಯಾಗ್‌ಪೈಪು. ಮಧ್ಯೆ ಎಣ್ಣೆ ಕಲೆಯ ಬಾಯ್ಲರ್ ಸೂಟಿನ ಆರ್ಚಿ, ಇಸ್ತ್ರಿ ಅಂಗಿಯ ನಾನು. ಯಾರೋ ಕೇಳಿದರು, ಯಾವ ಮನೆತನ? "ದುಡಿದವರು," ಅಂದ ಆರ್ಚಿ. ಅವನ ಮಗ ಮುಖ ತಿರುಗಿಸಿದ. ಸ್ವಲ್ಪ ಹೊತ್ತಿಗೆ ತಾನೇ ಬಂದು ಅಪ್ಪನ ಕಾಲರ್ ಸರಿಮಾಡಿದ.

ಆರ್ಚಿ ಯಾರ್ಡಿನ ಗೆಳೆಯನೊಬ್ಬನ ಹೆಸರು ಕೂಗಿ ಮೈಕ್ ನನ್ನ ಕಡೆ ಚಾಚಿದ. ಬ್ಯಾಗ್‌ಪೈಪಿನವರೂ ಕಾದರು.

ಹೇಳಿದೆ. ಮಗ್ಗಗಳ ಸದ್ದಿನ ಮೇಲೆ ಕೂಗುತ್ತಿದ್ದ ಹಾಗೆ. ಮೈದಾನಕ್ಕೆಲ್ಲ ಕೇಳಿತು.

ಆರ್ಚಿ ಟೋಪಿ ತೆಗೆದ.

ಜುಲೈ 13

ಇಷ್ಟು ದಿನ ಇದರಲ್ಲೂ 'ಇವಳು' ಅಂತಲೇ ಬರೆದಿದ್ದೇನೆ. ಬರೆಯುವುದಕ್ಕೂ ನಾಚಿಕೆ.

ಚನ್ನಮ್ಮಾ, ನಿನ್ನೆ ಏನಾಯ್ತು ಗೊತ್ತಾ —